ಮಗಳಿಗೊಂದು ಪತ್ರ: ಸೋಮವಾರದ ಕೆಂಪು ಕಾಳು, ಬಿಳಿ ಅನ್ನ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಬೆಂಗಳೂರಿನಲ್ಲಿ ರೆಡ್ ಬೀನ್ಸ್ ಮಾಡಲು ಹೊರಟರೆ ಕೊನೆಗೆ ಅದು ರಾಜ್ಮಾ ಮಸಾಲೆಯೇ ಆಗುತ್ತದೆ, ಇಲ್ಲದಿದ್ದರೆ ಕಾಳು ಒಂದು ಕಡೆ ನೀರು ಒಂದು ಕಡೆ ನಿಲ್ಲುತ್ತದೆ ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾನಿರುವ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಈ ಕ್ರಿಯೋಲ್ ಅಡುಗೆಗೆ, ಅಂದರೆ ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ರೂಢಿಗಳು ಬೆರೆತ ಇಲ್ಲಿನ ಅಡುಗೆಗೆ, ಮಸಾಲೆ ರುಬ್ಬುವುದಿಲ್ಲ, ಟೊಮೇಟೊ ಇಲ್ಲ, ಹಿಟ್ಟು ಕದಡಿ ಹಾಕುವುದಿಲ್ಲ. ಅದರ ಗಟ್ಟಿತನವೆಲ್ಲ ಬರಬೇಕಾದ್ದು ಕಾಳಿನಿಂದಲೇ. ಕಾಳು ಬೆಂದು ಒಡೆದು, ಒಳಗಿನ ಗಂಜಿಯನ್ನು ನೀರಿಗೆ ಬಿಟ್ಟು, ಆ ನೀರೇ ಕೆನೆಯಂತಾಗಬೇಕು. ಮುಂದೆ ಹೇಳುವುದೆಲ್ಲ ಅದಕ್ಕಾಗಿಯೇ.

ಇಲ್ಲಿ ಒಂದು ಪೌಂಡಿನ ಪೊಟ್ಟಣವೇ ಅಳತೆ. ನೀನು 450 ಗ್ರಾಂ ಕಾಳು ತೆಗೆದುಕೋ, ಆರರಿಂದ ಎಂಟು ಜನಕ್ಕೆ ಸಾಕು. ಈ ಊರಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಮೆಲಿಯಾ ಎನ್ನುವ, 1923ರಲ್ಲಿ ಶುರುವಾದ ಮನೆತನದ ಕಂಪನಿಯ ಕೆಂಪು ಕಿಡ್ನಿ ಬೀನ್ಸ್. ಅಲ್ಲಿ ನಿನಗೆ ಅದರ ಜಾಗದಲ್ಲಿ ಕೆಂಪು ರಾಜ್ಮಾ. ತೀರಾ ಕಪ್ಪುಗೆಂಪಿನದು ಬೇಡ, ಅದರ ಸಿಪ್ಪೆ ದಪ್ಪ. ತಿಳಿಗೆಂಪಿನದು ಬೇಗ ಒಡೆಯುತ್ತದೆ. ಚುಕ್ಕೆ ಚುಕ್ಕೆಯ ಚಿತ್ರಾ ರಾಜ್ಮಾ ಚೆನ್ನಾಗಿ ಕರಗುತ್ತದೆ, ಆದರೆ ಬಣ್ಣ ಮಂಕಾಗಿ ಕಂದಿಗೆ ತಿರುಗುತ್ತದೆ. ಬೇರೆ ಸಿಗದಿದ್ದರೆ ಅದೇ ಇರಲಿ.

ಬಣ್ಣಕ್ಕಿಂತ ಮುಖ್ಯ ಕಾಳಿನ ವಯಸ್ಸು. ಸೆಕೆಯಲ್ಲಿ, ತೇವದಲ್ಲಿ ತಿಂಗಳುಗಟ್ಟಲೆ ಕೂತ ಕಾಳು ನಾಲ್ಕು ಗಂಟೆ ಕುದಿಸಿದರೂ ನಡುವೆ ಕಲ್ಲಾಗಿಯೇ ಇರುತ್ತದೆ. ಹೊಳಪು ಹೋಗಿರುವುದು, ಸಿಪ್ಪೆ ಸುಕ್ಕಾಗಿರುವುದು, ಚೀಲದ ತಳದಲ್ಲಿ ಚೂರು ಜಾಸ್ತಿ ಇರುವುದು ಹಳೆಯ ಕಾಳಿನ ಗುರುತು. ವ್ಯಾಪಾರ ಜೋರಾಗಿರುವ ಅಂಗಡಿಯಲ್ಲಿ ಕೊಂಡುಕೋ, ಹಳೆಯದನ್ನೂ ಹೊಸದನ್ನೂ ಬೆರೆಸಬೇಡ. ಬೆರೆಸಿದರೆ ಅರ್ಧ ಕಾಳು ಕರಗಿಹೋಗಿರುತ್ತದೆ, ಇನ್ನರ್ಧ ಹಲ್ಲಿಗೆ ಸಿಗುತ್ತದೆ.

ಕಲ್ಲು ಆರಿಸಿ, ತೊಳೆದು, ಎರಡೂವರೆ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಉಪ್ಪು ಕರಗಿಸಿ ಅದರಲ್ಲಿ ನೆನೆಹಾಕು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುವ ಮಾತನ್ನು ಇಲ್ಲಿ ಬದಿಗಿಡು. ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಅದರೊಳಗಿನ ಪೆಕ್ಟಿನ್ ಮತ್ತು ಅದಕ್ಕಂಟಿದ ಕ್ಯಾಲ್ಸಿಯಂ, ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಅವುಗಳ ಜಾಗ ಹಿಡಿಯುತ್ತದೆ, ಆಗ ಸಿಪ್ಪೆ ಮೆತ್ತಗಾಗುತ್ತದೆ. ಎಂಟರಿಂದ ಹತ್ತು ಗಂಟೆ ಸಾಕು. ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು ಹೊರಗಿಟ್ಟರೆ ನೊರೆ ಬಂದು ಹುಳಿವಾಸನೆ ಹೊಡೆಯುತ್ತದೆ. ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಆ ಚಿಂತೆಯಿಲ್ಲ.

ನಿನಗೆ ಕಾಳು ಬೇಯದಿರುವುದಕ್ಕೆ ಬಹುಶಃ ಬೋರ್‌ವೆಲ್ ನೀರೇ ಕಾರಣ. ಗಡಸು ನೀರಿನ ಕ್ಯಾಲ್ಸಿಯಂ ಸಿಪ್ಪೆಯನ್ನು ಮತ್ತೆ ಬಿಗಿ ಮಾಡುತ್ತದೆ, ನೀನು ಎಷ್ಟು ಹೊತ್ತು ಉರಿ ಹಾಕಿದರೂ ಅಷ್ಟೇ. ನೆನೆಹಾಕಲೂ ಬೇಯಿಸಲೂ ಫಿಲ್ಟರ್ ನೀರನ್ನೇ ಬಳಸು. ಅದೂ ಇಲ್ಲದ ದಿನ ಬೇಯಿಸುವ ನೀರಿಗೆ ಕಾಲು ಚಿಕ್ಕ ಚಮಚ ಅಡುಗೆ ಸೋಡ, ಅದಕ್ಕಿಂತ ಒಂದು ಚಿಟಿಕೆಯೂ ಹೆಚ್ಚಬಾರದು. ಹೆಚ್ಚಾದರೆ ಬಾಯಲ್ಲಿ ಸೋಪಿನ ರುಚಿ ಉಳಿಯುತ್ತದೆ, ಅದನ್ನು ಸರಿಪಡಿಸಲು ದಾರಿಯಿಲ್ಲ.

ನೆನೆದ ನೀರನ್ನು ಪೂರ್ತಿ ಚೆಲ್ಲಿ, ಕಾಳನ್ನು ತೊಳೆದು, ಹೊಸದಾಗಿ ಎರಡು ಲೀಟರ್ ನೀರು ಹಾಕಿ ದೊಡ್ಡ ಉರಿಯಲ್ಲಿ ಕೊತಕೊತ ಕುದಿಸು. ಇದರಲ್ಲಿ ರಿಯಾಯಿತಿ ಇಲ್ಲ, ಪುಟ್ಟಿ. ಹಸಿ ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎನ್ನುವ ವಿಷದ ಅಂಶವಿದೆ. ನಾಲ್ಕೈದು ಕಾಳು ಸರಿಯಾಗಿ ಬೇಯದೆ ಹೊಟ್ಟೆಗೆ ಹೋದರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಆಮೇಲೆ ಭೇದಿ ಹತ್ತಿಕೊಳ್ಳಬಹುದು. ಪೂರ್ತಿ ಕುದಿಯುವ ನೀರಿನಲ್ಲಿ ಹತ್ತು ನಿಮಿಷಕ್ಕೆ ಅದು ನಾಶವಾಗುತ್ತದೆ, ಕಾಳಿನ ನಡುವಿನವರೆಗೂ ಶಾಖ ಮುಟ್ಟಲಿ ಅಂತ ಅಮೆರಿಕದಲ್ಲಿ ಆಹಾರದ ಸುರಕ್ಷತೆ ನೋಡಿಕೊಳ್ಳುವ ಎಫ್‌ಡಿಎ 30 ನಿಮಿಷ ಹೇಳುತ್ತದೆ. ನೀನೂ 30 ಅಂತಲೇ ಇಟ್ಟುಕೋ. ಹೊಸದಾಗಿ ಕೊಂಡ ಸ್ಲೋ ಕುಕ್ಕರಿಗೆ ನೆನೆದ ಕಾಳನ್ನು ನೇರವಾಗಿ ಸುರಿಯಲೇಬೇಡ. ಎಷ್ಟೋ ಸಲ ಅದರೊಳಗಿನ ಬಿಸಿ 75 ಡಿಗ್ರಿಯನ್ನೂ ದಾಟುವುದಿಲ್ಲ. ಅಂಥ ಅರೆಬಿಸಿಯಲ್ಲಿ ವಿಷ ಇಳಿಯುವುದಿರಲಿ, ಹೆಚ್ಚುವ ಸಾಧ್ಯತೆಯೇ ಇದೆ.

ಕಾಳು ಕುದಿಯುತ್ತಿರುವಾಗ ಪಕ್ಕದ ಒಲೆಯಲ್ಲಿ ದಪ್ಪ ತಳದ ಅಗಲ ಪಾತ್ರೆ ಇಡು. ಈರುಳ್ಳಿ, ಹಸಿರು ಕ್ಯಾಪ್ಸಿಕಂ, ಸೆಲರಿ: ಇವು ಮೂರನ್ನೂ ಸೇರಿಸಿ ಇಲ್ಲಿನವರು ಹೋಲಿ ಟ್ರಿನಿಟಿ ಅನ್ನುತ್ತಾರೆ. ನಮಗೆ ಸಾಸಿವೆ-ಕರಿಬೇವು ಹೇಗೋ ಇವರಿಗೆ ಇದು. ಈರುಳ್ಳಿ 300 ಗ್ರಾಂ, ಕ್ಯಾಪ್ಸಿಕಂ 150, ಸೆಲರಿ 150. ಅಲ್ಲಿ ಸಿಗುವ ಸೆಲರಿಯ ದಂಟು ಸಣ್ಣ, ಎಲೆ ಜಾಸ್ತಿ, ಘಾಟೂ ಜಾಸ್ತಿ. ಅದಾದರೆ 100 ಗ್ರಾಂ ದಂಟು ಸಾಕು, ಎಲೆ ಬಿಟ್ಟುಬಿಡು. ಎಲ್ಲವನ್ನೂ ಕಡಲೆಕಾಳಿನ ಗಾತ್ರಕ್ಕೆ ಹೆಚ್ಚು. ಮಿಕ್ಸಿಗೆ ಹಾಕಿದರೆ ನೀರು ಬಿಟ್ಟುಕೊಂಡು ಹುರಿಯುವ ಬದಲು ಬೇಯುತ್ತದೆ. ಕೆಂಪು, ಹಳದಿ ಕ್ಯಾಪ್ಸಿಕಂ ಇದಕ್ಕೆ ಆಗದು. ಅದರಲ್ಲಿ ಸಿಹಿ ಇದೆ, ಇಲ್ಲಿಗೆ ಬೇಕಾದ್ದು ಹಸಿರಿನ ಸಣ್ಣ ಕಹಿ.

ಮೊದಲು 350 ಗ್ರಾಂ ಹೊಗೆ ಹಾಕಿದ ಸಾಸೇಜನ್ನು ಅರ್ಧ ಬೆರಳು ದಪ್ಪದ ಬಿಲ್ಲೆ ಮಾಡಿ, ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಹುರಿದು ತೆಗೆದಿಡು. ಈ ಊರಿನಲ್ಲಾದರೆ ಆಂಡೂಯಿ, ಅಂದರೆ ಚೆನ್ನಾಗಿ ಹೊಗೆ ಕುಡಿದ ಹಂದಿ ಸಾಸೇಜು. ಜೊತೆಗೆ ಒಂದು ಹ್ಯಾಮ್ ಮೂಳೆ. ಅಲ್ಲಿ ಯಾವುದಾದರೂ ಸ್ಮೋಕ್ಡ್ ಸಾಸೇಜು ಮತ್ತು 100 ಗ್ರಾಂ ಬೇಕನ್ ಸಾಕು. ಗೋವಾದ ಚೋರಿಸ್ ಹಾಕುವ ಆಸೆ ಬಂದರೂ ಬೇಡ. ಅದರಲ್ಲಿ ವಿನೆಗರ್ ಇದೆ, ಹುಳಿ ಬಿದ್ದ ಕಾಳು ಮೆತ್ತಗಾಗಲು ಒಪ್ಪುವುದಿಲ್ಲ, ಅದರ ಮಸಾಲೆಯೂ ಇಡೀ ಪಾತ್ರೆಯನ್ನು ಆಳಿಬಿಡುತ್ತದೆ. ಟೊಮೇಟೊ ಬೇಡ ಅನ್ನುವುದಕ್ಕೂ ಕಾರಣ ಈ ಹುಳಿಯೇ. ಕ್ರಿಯೋಲ್ ಅಡುಗೆಯಲ್ಲಿ ಟೊಮೇಟೊ ಬೇಕಾದಷ್ಟು ಕಡೆ ಬರುತ್ತದೆ, ಮಾಂಸ ಹಾಕಿದ ಅನ್ನದ ಅಡುಗೆಯಾದ ಜಂಬಲಾಯಕ್ಕೂ ಹಾಕುತ್ತಾರೆ, ರೆಡ್ ಬೀನ್ಸಿಗೆ ಮಾತ್ರ ಹಾಕುವುದಿಲ್ಲ.

ಸಾಸೇಜು ಬಿಟ್ಟ ಕೊಬ್ಬಿನಲ್ಲೇ ಮೂರು ತರಕಾರಿಯನ್ನೂ ಹಾಕಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಬಾಡಿಸು. ಈರುಳ್ಳಿ ಅಂಚಿನಲ್ಲಿ ಸ್ವಲ್ಪ ಬಣ್ಣ ತಿರುಗಿದಾಗ ಜಜ್ಜಿದ ಐದು ಎಸಳು ಬೆಳ್ಳುಳ್ಳಿ, ಒಂದೇ ನಿಮಿಷ. ತಳಕ್ಕೆ ಅಂಟಿದ ಕಂದುಬಣ್ಣದ ಪದರವನ್ನು ಅರ್ಧ ಲೋಟ ನೀರು ಹಾಕಿ ಕೆರೆದು ಬಿಡಿಸು, ಅರ್ಧ ರುಚಿ ಅದರಲ್ಲೇ ಇದೆ. ಈಗ ಕುದಿದ ಕಾಳನ್ನು ನೀರಿನ ಸಮೇತ ಇದಕ್ಕೆ ಸುರಿ. ಮೂರು ಬೇ ಎಲೆ, ಒಂದು ಚಿಕ್ಕ ಚಮಚ ಒಣ ಥೈಮ್, ಅರ್ಧ ಚಮಚ ಕಾಳುಮೆಣಸಿನ ಪುಡಿ, ಕಾಲು ಚಮಚ ಗುಂಟೂರು ಮೆಣಸಿನ ಪುಡಿ. ಬ್ಯಾಡಗಿ ಹಾಕಿದರೆ ಬಣ್ಣ ಬರುತ್ತದೆ, ಇಲ್ಲಿ ಬೇಕಾದ ಖಾರ ಬರುವುದಿಲ್ಲ. ಬೇ ಎಲೆ ಅಂತ ಕೇಳಿದರೆ ಅಂಗಡಿಯವರು ಪಲಾವ್ ಎಲೆ ಕೊಡುತ್ತಾರೆ. ಅದು ದಾಲ್ಚಿನ್ನಿಯ ಜಾತಿಯದು, ಉದ್ದಕ್ಕೂ ಮೂರು ನರ ಇರುತ್ತದೆ, ವಾಸನೆಯೂ ದಾಲ್ಚಿನ್ನಿಯದೇ. ಇಲ್ಲಿ ಬೇಕಾದ್ದು ಲಾರೆಲ್ ಎಲೆ, ನಡುವೆ ಒಂದೇ ನರ. ಸಿಗದಿದ್ದರೆ ಎಲೆಯನ್ನೇ ಬಿಟ್ಟು ಥೈಮ್ ಸ್ವಲ್ಪ ಹೆಚ್ಚು ಮಾಡು. ಪಲಾವ್ ಎಲೆ ಬಿದ್ದರೆ ಅಡುಗೆ ಬಿರಿಯಾನಿಯ ಕಡೆ ವಾಲುತ್ತದೆ. ಉಪ್ಪು ಈಗ ಬೇಡ. ಮಾಂಸದ ಉಪ್ಪು ಎಷ್ಟು ಇಳಿಯುತ್ತದೆ ಅಂತ ಕೊನೆಗೆ ಮಾತ್ರ ಗೊತ್ತಾಗುವುದು.

ಇನ್ನು ಒಂದೂವರೆಯಿಂದ ಎರಡು ಗಂಟೆ ಸಣ್ಣ ಉರಿ, ಮುಚ್ಚಳ ಓರೆಯಾಗಿರಲಿ. ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸರಿ. ನೀರು ಯಾವಾಗಲೂ ಕಾಳಿಗಿಂತ ಒಂದು ಬೆರಳು ಮೇಲಿರಬೇಕು. ಕಡಿಮೆಯಾದರೆ ಕಾದ ನೀರು ಹಾಕು. ಮೊದಲ ಒಂದು ಗಂಟೆಯಲ್ಲಿ, ಹದಿನೈದು ನಿಮಿಷಕ್ಕೊಮ್ಮೆ ಕೈಯಾಡಿಸಿದರೆ ನಡೆಯುತ್ತದೆ. ಆಮೇಲೆ ಗಂಜಿ ಬಿಟ್ಟುಕೊಂಡು ತಳಕ್ಕೆ ಕೂರಲು ಶುರುವಾಗುತ್ತದೆ, ಐದು ನಿಮಿಷಕ್ಕೊಮ್ಮೆ ಚಪ್ಪಟೆ ಮರದ ಸೌಟಿನಿಂದ ತಳ ಮುಟ್ಟಿಸಿ ತಿರುಗಿಸಬೇಕು. ಒಂದು ವೇಳೆ ಸೀದ ವಾಸನೆ ಬಂತೆನ್ನು: ಕೆರೆಯಬೇಡ, ಕೈಯಾಡಿಸಬೇಡ. ತಕ್ಷಣ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡು ತಳದ್ದನ್ನು ಅಲ್ಲೇ ಬಿಡು, ಮುಕ್ಕಾಲು ಪಾಲು ಉಳಿಯುತ್ತದೆ.

ಒಂದು ಕಾಳನ್ನು ತೆಗೆದು ನಾಲಿಗೆ ಮತ್ತು ಅಂಗುಳಿನ ನಡುವೆ ಒತ್ತಿ ನೋಡು. ಹಲ್ಲಿನ ಸಹಾಯವಿಲ್ಲದೆ ಪುಡಿಯಾಗಬೇಕು, ಮರಳು ಮರಳಾಗಿ ಸಿಗಬಾರದು. ಐದಾರು ಕಾಳು ಹೀಗೆ ನೋಡು, ಒಂದೇ ಕಾಳನ್ನು ನಂಬಬೇಡ. ಆ ಹದ ಬಂದ ಮೇಲೆ ಮಸೆಯುವ ಕೆಲಸ. ಒಂದೂವರೆ ಬಟ್ಟಲಿನಷ್ಟು ಕಾಳನ್ನು, ಅಂದರೆ ಒಟ್ಟಿನಲ್ಲಿ ಕಾಲು ಭಾಗವನ್ನು, ಸೌಟಿನ ಬೆನ್ನಿನಿಂದ ಪಾತ್ರೆಯ ಒಳಬದಿಗೆ ಒತ್ತಿ ಕಿವುಚು. ಕೆಂಪಗೆ ತಿಳಿಯಾಗಿದ್ದ ನೀರು ಒಂದೆರಡು ನಿಮಿಷದಲ್ಲಿ ಮಂದವಾಗಿ, ಗುಲಾಬಿ ಬೆರೆತ ಕಂದುಬಣ್ಣಕ್ಕೆ ತಿರುಗುತ್ತದೆ. ಗುಳ್ಳೆಗಳೂ ದೊಡ್ಡದಾಗಿ, ನಿಧಾನವಾಗಿ ಪುಟ್ಟ ಸದ್ದು ಮಾಡಿ ಒಡೆಯುತ್ತವೆ. ಹ್ಯಾಂಡ್ ಬ್ಲೆಂಡರ್ ಹಾಕಿದರೆ ಸಿಪ್ಪೆಯೂ ಅರೆದು ಅಂಟಂಟಾಗುತ್ತದೆ, ಅದು ಬೇಡ. ಬೇಗ ಮಸೆದರೂ ತಪ್ಪು: ಕಾಳಿನ ನಡು ಬೇಯದೆ ಮಸೆದದ್ದು ಮರಳಿನಂತೆ ನೀರಿನಲ್ಲಿ ನಿಲ್ಲುತ್ತದೆ, ನೀರಿನೊಡನೆ ಕೂಡುವುದಿಲ್ಲ. ನೀನು ಬರೆದ ಲಕ್ಷಣ ನೋಡಿದರೆ ನಿನಗಾದದ್ದೂ ಇದೇ ಇರಬೇಕು.

ಮಸೆದ ಮೇಲೆ ಹುರಿದ ಸಾಸೇಜು ಹಾಕಿ ಇನ್ನೂ ಅರ್ಧ ಗಂಟೆ. ಮೊದಲೇ ಹಾಕಿದರೆ ಸಾಸೇಜಿನ ರುಚಿಯೆಲ್ಲ ನೀರಿಗೆ ಹೋಗಿ ಅದು ಸಪ್ಪೆಯಾಗುತ್ತದೆ. ಈಗ ಉಪ್ಪು ನೋಡು, ಒಲೆ ಆರಿಸಿ ಮುಚ್ಚಿಟ್ಟು ಅರ್ಧ ಗಂಟೆ ಬಿಡು. ಆರುತ್ತಾ ಇನ್ನೂ ಗಟ್ಟಿಯಾಗುವುದರಿಂದ ಸಾರಿಗಿಂತ ಗಟ್ಟಿ, ಗೊಜ್ಜಿಗಿಂತ ತೆಳುವಾಗಿರುವಾಗಲೇ ಇಳಿಸಬೇಕು. ಮೇಲೆ ಈರುಳ್ಳಿ ಸೊಪ್ಪು, ಪಾರ್ಸ್ಲಿ ಹೆಚ್ಚಿ ಉದುರಿಸು. ಕೊತ್ತಂಬರಿ ಕೈಗೆ ಬರುತ್ತದೆ, ಗೊತ್ತು, ಬೇಡ.

ವಾರದ ಮಧ್ಯೆ ಇಷ್ಟು ಹೊತ್ತಿಲ್ಲದಿದ್ದರೆ ಪ್ರೆಷರ್ ಕುಕ್ಕರ್ ಬಳಸು, ಅದರಲ್ಲಿ ತಪ್ಪೇನಿಲ್ಲ. ನೆನೆದ ಕಾಳಿಗೆ ನೀರು ಒಂದೂಕಾಲು ಲೀಟರ್, ಕುಕ್ಕರಿನ ಅರ್ಧಕ್ಕಿಂತ ಮೇಲೆ ಬರಬಾರದು. ಮೂರು ಕೂಗು ಆದಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ, ಒತ್ತಡ ತಾನಾಗಿ ಇಳಿಯಲಿ. ಕುಕ್ಕರಿನಲ್ಲಿ ಕಾಳು ಬೇಯುತ್ತದೆ, ನೀರು ಮಾತ್ರ ತೆಳ್ಳಗೇ ಉಳಿಯುತ್ತದೆ, ಏಕೆಂದರೆ ಅಲ್ಲಿ ಆವಿಯಾಗುವುದೂ ಇಲ್ಲ, ಕಾಳು ಒಂದಕ್ಕೊಂದು ಉಜ್ಜುವುದೂ ಇಲ್ಲ. ಆದ್ದರಿಂದ ಬಾಡಿಸಿದ ತರಕಾರಿಯ ಪಾತ್ರೆಗೆ ಅದನ್ನು ಸುರಿದು, ಮಸೆದು, ಮುಚ್ಚದೆ ಮುಕ್ಕಾಲು ಗಂಟೆಯಾದರೂ ಕುದಿಸಲೇಬೇಕು.

ಅಜ್ಜಿ ಬಂದಾಗ ಮಾಂಸವಿಲ್ಲದೆ ಮಾಡುವುದಾದರೆ ಹೊಗೆ ಮತ್ತು ಕೊಬ್ಬು ಎರಡನ್ನೂ ಬೇರೆ ಕಡೆಯಿಂದ ತರಬೇಕು. ಮೂರು ದೊಡ್ಡ ಚಮಚ ಬೆಣ್ಣೆ, ತರಕಾರಿಯನ್ನು ಹತ್ತರ ಬದಲು ಇಪ್ಪತ್ತು ನಿಮಿಷ ಬಾಡಿಸುವುದು, ಒಂದೂವರೆ ಚಿಕ್ಕ ಚಮಚ ಸ್ಮೋಕ್ಡ್ ಪಾಪ್ರಿಕಾ. ಉಪ್ಪನ್ನು ಮಸೆಯುವ ಹೊತ್ತಿಗೇ ಹಾಕು. ರುಚಿಯಲ್ಲಿ ಏನೋ ಕಡಿಮೆ ಅನ್ನಿಸಿದರೆ ಒಂದು ಚಮಚ ಸೋಯಾ ಸಾಸ್. ಜೀರಿಗೆ, ಗರಂ ಮಸಾಲೆ, ಶುಂಠಿಯ ಕಡೆ ಕೈ ಚಾಚಬೇಡ.

ಅನ್ನ ಬೇರೆಯಾಗಿಯೇ ಆಗಬೇಕು. ಕೆರಿಬಿಯನ್ ದೇಶವಾದ ಹೈಟಿಯಲ್ಲಿ ಕಾಳು ಅಕ್ಕಿ ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುವ ದಿರಿ ಕೋಲೆ ಇದೆ, ಬಿಳಿ ಅನ್ನದ ಮೇಲೆ ಕಾಳಿನ ರಸ ಹಾಕಿ ಉಣ್ಣುವ ರೂಢಿಯೂ ಇದೆ. ಅಲ್ಲಿನ ಕ್ರಾಂತಿಯ ನಂತರ ಕ್ಯೂಬಾಕ್ಕೆ ಹೋಗಿದ್ದ ಒಂಬತ್ತು ಸಾವಿರಕ್ಕೂ ಹೆಚ್ಚು ಜನ 1809-10ರಲ್ಲಿ ನ್ಯೂ ಆರ್ಲಿಯನ್ಸಿಗೆ ಬಂದಿಳಿದು ಊರಿನ ಜನಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕೆಂಪು ಕಾಳಿನ ಈ ಊಟ ಇಲ್ಲಿ ಬೇರೂರಿದ್ದರಲ್ಲಿ ಅವರ ಪಾಲು ದೊಡ್ಡದು ಅನ್ನುತ್ತಾರೆ ಬಲ್ಲವರು. ಸೋಮವಾರದ ಅಡುಗೆಯಾದದ್ದು ಬಟ್ಟೆ ಒಗೆಯುವ ದಿನವಾದ್ದರಿಂದ: ಭಾನುವಾರ ಉಳಿದ ಹ್ಯಾಮ್ ಮೂಳೆಯ ಜೊತೆ ಕಾಳನ್ನು ಒಲೆಗಿಟ್ಟರೆ ಒಗೆದು ಮುಗಿಯುವಷ್ಟರಲ್ಲಿ ಬೆಂದಿರುತ್ತಿತ್ತು. ಇದೇ ಊರಿನ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ತನ್ನ ಕಾಗದಗಳ ಕೊನೆಗೆ ‘ರೆಡ್ ಬೀನ್ಸ್ ಅಂಡ್ ರೈಸ್ಲಿ ಯುವರ್ಸ್’ ಅಂತ ಸಹಿ ಮಾಡುತ್ತಿದ್ದನೆಂದರೆ ಈ ಊರಿನವರಿಗೆ ಇದೆಷ್ಟು ಹತ್ತಿರದ್ದು ನೋಡು.

ಅಕ್ಕಿ ಉದ್ದ ಕಾಳಿನದು, ಪರಿಮಳ ಇಲ್ಲದ್ದು. ಬಾಸುಮತಿಯ ಘಮ ಥೈಮ್ ಜೊತೆ ಹೊಂದುವುದಿಲ್ಲ. ಹಳೆಯ ಸೋನಾ ಮಸೂರಿ ಆಗಬಹುದು: ನೀರು ತಿಳಿಯಾಗುವವರೆಗೆ ತೊಳೆದು, ಒಂದು ಲೋಟಕ್ಕೆ ಒಂದೂಮುಕ್ಕಾಲು ಲೋಟ ನೀರು, ಅರ್ಧ ಚಮಚ ಉಪ್ಪು, ಸ್ವಲ್ಪ ಬೆಣ್ಣೆ, ಕುದಿ ಬಂದಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಇಳಿಸಿ ಹತ್ತು ನಿಮಿಷ. ಉದುರಾಗಿರಬೇಕು; ಮುದ್ದೆಯಾದ ಅನ್ನಕ್ಕೆ ಈ ಕೆನೆ ಇಳಿಯುವುದಿಲ್ಲ. ತಟ್ಟೆಯಲ್ಲಿ ಕಾಳು ಹಾಕಿ ನಡುವೆ ಅನ್ನ ಇಡು, ಅಥವಾ ಅನ್ನದ ಮೇಲೆ ಕಾಳು ಬಡಿಸು. ಒಂದು ನಿಮಿಷದ ಮೇಲೆ ಅಂಚಿನಲ್ಲಿ ನೀರು ಬೇರೆಯಾಗಿ ಹರಿದಿದ್ದರೆ ಕಾಳು ಇನ್ನೂ ಮಸೆಯಬೇಕಿತ್ತು ಅಂತ ತಿಳಿ, ಮತ್ತೆ ಒಲೆಗಿಟ್ಟು ಇನ್ನರ್ಧ ಬಟ್ಟಲು ಕಿವುಚು. ಹುಳಿ ಬೇಕಾದರೆ ಈಗ: ಟಬಾಸ್ಕೋ ಅಥವಾ ಕ್ರಿಸ್ಟಲ್ ಸಾಸ್ ತಟ್ಟೆಯಲ್ಲಿ ನಾಲ್ಕು ಹನಿ.

ಉಳಿದದ್ದು ಮಾರನೆಯ ದಿನ ಇನ್ನೂ ರುಚಿ. ಆದರೆ ದೊಡ್ಡ ಪಾತ್ರೆಯಲ್ಲೇ ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡಬೇಡ. ಅಗಲ ಡಬ್ಬಿಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸು, ಅನ್ನವನ್ನೂ ಅಷ್ಟೇ. ಅನ್ನ ಹೊರಗೆ ಕೂತರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕಾಳು ಫ್ರಿಜ್ಜಿನಲ್ಲಿ ಮೂರು ದಿನ, ಫ್ರೀಜರಿನಲ್ಲಿ ಮೂರು ತಿಂಗಳು ಇರುತ್ತದೆ. ತೆಗೆದಾಗ ಹೆಪ್ಪುಗಟ್ಟಿದ ಹಾಗಿರುತ್ತದೆ, ಅರ್ಧ ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಬಿಡಿಸು, ದೊಡ್ಡ ಉರಿ ಇಟ್ಟರೆ ತಳ ಹಿಡಿಯುತ್ತದೆ. ಲಾರೆಲ್ ಎಲೆಯ ಒಂದು ಪೊಟ್ಟಣವನ್ನೂ ಥೈಮನ್ನೂ ಬರುವವರ ಕೈಯಲ್ಲಿ ಕಳಿಸುತ್ತೇನೆ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡು.

ಇಂತಿ,
ನಿನ್ನ ಅಮ್ಮ