ಗಿಣ್ಣು ಮೊದಲು ಕರುವಿಗೆ, ಲಸಿಕೆ ಸರಿಯಾದ ತಿಂಗಳಿಗೆ: ಪಶುಸಂಗೋಪನೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪಶುಸಂಗೋಪನೆ ಸಚಿವರಿಗೆ ನಮಸ್ಕಾರಗಳು.

ನಾನು ಡೇರಿಗೆ ಹಾಲು ಹಾಕಿ ಬದುಕುವವನು. ಕಾಲುಬಾಯಿ ರೋಗದ ಲಸಿಕೆ ಆರು ತಿಂಗಳಿಗೊಮ್ಮೆ ಕೊಟ್ಟಿಗೆ ಬಾಗಿಲಿಗೇ ಬರುತ್ತಿದೆ, ಅದೂ ಪುಕ್ಕಟೆ. ಅದಕ್ಕಾಗಿ ಬಿಸಿಲಲ್ಲಿ ಊರೂರು ಸುತ್ತುವ ಲಸಿಕೆಗಾರರಿಗೆ ನಾನು ಋಣಿ. ಆದರೆ ಈ ಏರ್ಪಾಡಿನಲ್ಲಿ ಕರುಗಳು ಹಿಂದೆ ಉಳಿದಿವೆ. ಅವುಗಳ ಪರವಾಗಿ ಕೇಳಲು ಈ ಪತ್ರ.

ನಮ್ಮ ಮಕ್ಕಳಿಗೆ ಹೊಟ್ಟೆಯಲ್ಲಿರುವಾಗಲೇ ತಾಯಿಯ ರಕ್ತದಿಂದ ಪ್ರತಿಕಾಯಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಅಂಶಗಳು, ಬರುತ್ತವೆ. ಹಸು, ಎಮ್ಮೆಗಳಲ್ಲಿ ಹಾಗಲ್ಲ. ಅವುಗಳ ಸತ್ತೆ, ಅಂದರೆ ಕರು ಹಾಕಿದ ಮೇಲೆ ಬೀಳುವ ಮಾಸು, ಪ್ರತಿಕಾಯಗಳನ್ನು ದಾಟಲು ಬಿಡುವುದಿಲ್ಲ. ಕರುವಿಗೆ ಸಿಗುವುದೆಲ್ಲ ಗಿಣ್ಣು ಹಾಲಿನಿಂದ. ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ ಕರುವಿನ ಕರುಳು ಆ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಹೊತ್ತು ಹೋದಂತೆ ಇದು ಕಡಿಮೆಯಾಗುತ್ತಾ, ಒಂದು ದಿನದೊಳಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ.

ಆದರೆ ಎಷ್ಟೋ ಹಳ್ಳಿಗಳಲ್ಲಿ ಸತ್ತೆ ಬೀಳುವ ತನಕ ಕೆಚ್ಚಲು ಮುಟ್ಟಬಾರದು ಅನ್ನುತ್ತಾರೆ. ಸತ್ತೆ ಬೀಳಲು ಎಂಟರಿಂದ ಹನ್ನೆರಡು ಗಂಟೆ ಹಿಡಿಯಬಹುದು. ಅಲ್ಲಿಯವರೆಗೆ ಕರು ತಡವರಿಸುತ್ತಾ ಎದ್ದು, ತಾಯಿಯ ತೊಡೆಸಂದಿಗೆ ಮೂತಿ ತೂರಿಸಿದರೆ ಹಿಡಿದು ಆಚೆ ಎಳೆಯುತ್ತಾರೆ. ಆಮೇಲೆ ಕರೆದ ಗಿಣ್ಣು ಚೊಂಬಿನಲ್ಲಿ ಮೊದಲು ಅಕ್ಕಪಕ್ಕದ ಮನೆಗೆ ಹೋಗುತ್ತದೆ. ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣು ಯಾರಿಗೆ ಇಷ್ಟವಿಲ್ಲ? ಹಂಚುವುದು ಬೇಡ ಅನ್ನುತ್ತಿಲ್ಲ. 25-30 ಕೆಜಿ ತೂಗುವ ಕರುವಿಗೆ ಮೊದಲು ಎರಡೂವರೆ, ಮೂರು ಲೀಟರ್ ಕುಡಿಸಿ, ಉಳಿದದ್ದು ಹಂಚಬಹುದಲ್ವಾ? ಗಂಡು ಕರುವಾದರಂತೂ ಇಷ್ಟೂ ಸಿಗುವುದಿಲ್ಲ. ಇದು ಅನ್ಯಾಯ.

ಇನ್ನು ಲಸಿಕೆಯ ಮಾತು. ಲಸಿಕೆಯಾದ ತಾಯಿಯ ಪ್ರತಿಕಾಯಗಳು ಕರುವಿನ ರಕ್ತದಲ್ಲಿ ಜಾಸ್ತಿ ಇರುವಾಗಲೇ ಸೂಜಿ ಚುಚ್ಚಿದರೆ, ಅವೇ ಲಸಿಕೆಯನ್ನು ಹಿಡಿದು ಅಡಗಿಸಿಬಿಡುತ್ತವೆ. ಕರುವಿನ ಮೈ ತಾನಾಗಿ ಆ ರೋಗದ ವಿರುದ್ಧ ಹೋರಾಡಲು ಕಲಿಯುವುದಿಲ್ಲ. ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲ ಲಸಿಕೆ, ಒಂದು ತಿಂಗಳ ನಂತರ ಬೂಸ್ಟರ್ ಎಂಬ ನಿಯಮ ಸುಮ್ನೆ ಬಂದದ್ದಲ್ಲ. ಇದನ್ನು ಯಾರೂ ಬಿಡಿಸಿ ಹೇಳದ ಕಾರಣ, ಬೇಗ ಹಾಕಿಸಿದಷ್ಟೂ ಒಳ್ಳೇದು ಅಂತ ನಮ್ಮವರು ಎರಡು ತಿಂಗಳ ಕರುವನ್ನೂ ಮುಂದೆ ತಂದು ನಿಲ್ಲಿಸುತ್ತಾರೆ.

ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು. ಲಸಿಕೆಯವರು ಬಂದ ದಿನ ಮೂರೂವರೆ ತಿಂಗಳಿದ್ದ ಕರುವಿಗೆ ಮುಂದಿನ ಸುತ್ತಿನ ಹೊತ್ತಿಗೆ ಒಂಬತ್ತೂವರೆ ತಿಂಗಳು. ತಾಯಿಯಿಂದ ಬಂದ ಪ್ರತಿಕಾಯಗಳು ಅಷ್ಟು ದಿನ ಉಳಿಯುವುದಿಲ್ಲ. ನಡುವಿನ ತಿಂಗಳುಗಳಲ್ಲಿ ಆ ಕರುವಿಗೆ ಯಾವ ಕಾವಲೂ ಇಲ್ಲ. ಕಾಲುಬಾಯಿ ಬಂದ ದೊಡ್ಡ ಹಸು ಬಾಯಿತುಂಬ ಹುಣ್ಣಾಗಿ ಸೊರಗಿದರೂ ಸಾಮಾನ್ಯವಾಗಿ ಬದುಕುತ್ತದೆ. ಎಳೆಗರುಗಳಲ್ಲಿ ವೈರಸ್ ಹೃದಯಕ್ಕೇ ಇಳಿಯುತ್ತದೆ. ಬಾಯಲ್ಲಿ ಹುಣ್ಣು ಏಳುವ ಮೊದಲೇ, ನಿಂತ ಕರು ಕುಸಿದು ಸಾಯಬಹುದು.

ಆದ್ದರಿಂದ ಸಚಿವರೇ, ಪ್ರತಿ ಸುತ್ತು ಮುಗಿದು ಒಂದು ತಿಂಗಳಿಗೆ ಪ್ರತಿ ಊರಿನಲ್ಲೂ ಕರುಗಳಿಗೇ ಅಂತ ಒಂದು ದಿನ ಇಡಿಸಿ. ಮೊದಲ ಲಸಿಕೆ ಆದವಕ್ಕೆ ಅಂದು ಬೂಸ್ಟರ್ ಸಿಗಲಿ, ಆಗಷ್ಟೇ ನಾಲ್ಕು ತಿಂಗಳು ತುಂಬಿದವಕ್ಕೆ ಮೊದಲ ಲಸಿಕೆ ಆಗಲಿ. ತೆರೆದ ಬಾಟಲಿ ಇಟ್ಟುಕೊಳ್ಳಲು ಬರುವುದಿಲ್ಲ, ಒಂದೆರಡು ಕರುವಿಗಾಗಿ ಬಾಟಲಿ ಒಡೆಯುವುದು ಕಷ್ಟ ಎಂಬುದು ನಮಗೂ ಗೊತ್ತು. ಎಲ್ಲ ಕರುಗಳನ್ನೂ ಒಂದೇ ದಿನ ಸೇರಿಸಿದರೆ ಆ ತೊಂದರೆ ತಪ್ಪುತ್ತದೆ. ಯಾರ ಮನೆಯ ಹಸು ಯಾವಾಗ ಕರು ಹಾಕಿತು ಎಂಬುದು ಡೇರಿ ಕಾರ್ಯದರ್ಶಿಗೆ ಗೊತ್ತೇ ಇರುತ್ತದೆ. ಆ ತಾರೀಕುಗಳನ್ನು ಬರೆದಿಟ್ಟು ಪಶು ಆಸ್ಪತ್ರೆಗೆ ಕೊಡುವ ಏರ್ಪಾಡು ಮಾಡಿಸಿ. ಸತ್ತೆಗೆ ಕಾಯದೆ ಗಿಣ್ಣು ಕುಡಿಸಿ ಎಂಬ ಮಾತನ್ನು ಬೆಳಿಗ್ಗೆ, ಸಂಜೆ ಹಾಲು ಹಾಕಲು ಸಾಲು ನಿಂತಾಗಲೇ ನಮ್ಮ ಹೆಣ್ಣುಮಕ್ಕಳಿಗೆ ಹೇಳಿಸಿ. ಕರು ಹಾಕುವ ರಾತ್ರಿ ಕೊಟ್ಟಿಗೆಯಲ್ಲಿ ಇರುವವರು ಹೆಚ್ಚಾಗಿ ಅವರೇ.

ಮುಂದಿನ ಸುತ್ತಿನ ಲಸಿಕೆಗೆ ಆದೇಶ ಹೊರಡಿಸುವಾಗ ಈ ಕರುಗಳ ದಿನವನ್ನೂ ಅದರಲ್ಲೇ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಾಲು ಉತ್ಪಾದಕ