ನನ್ನ ಪಾಟಿ ಓದಿದ ಮಕ್ಕಳಿಗೆ

ಮೂರು ತಿಂಗಳ ಮೇಲೆ ನಿನ್ನೆ ಹಾಜರಿಯನ್ನು ನಾನೇ ಕೂಗಿದೆ. ಧ್ವನಿ ಇನ್ನೂ ಸ್ವಲ್ಪ ಒಡಕು. ಆದರೂ ನನ್ನದೇ.

ಹಾನಗಲ್ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಮೂರನೇ ಕ್ಲಾಸಿನಿಂದ ಹತ್ತರವರೆಗೆ ನಾಟಕ ಕಲಿಸುತ್ತೇನೆ. ಶೇಷಗಿರಿಯಂಥ ಚಿಕ್ಕ ಊರು ತನ್ನದೇ ರಂಗಮಂದಿರ ಕಟ್ಟಿಕೊಂಡಿರುವ ತಾಲ್ಲೂಕು ಇದು. ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಊರಿಗೆ ಊರೇ ಬರುತ್ತದೆ. ತಾಲೀಮು ಶುರುವಾದ ವಾರವೇ ನನ್ನ ಗಂಟಲು ಕಟ್ಟಿತು. ಧ್ವನಿತಂತುಗಳ ಮೇಲೆ ಗಂಟು ಎದ್ದಿವೆ ಎಂದರು ಹುಬ್ಬಳ್ಳಿಯ ಡಾಕ್ಟರು. ಬಯಲಲ್ಲಿ ವರ್ಷಗಟ್ಟಲೆ ಕೂಗಿದ್ದರ ಫಲ. ಕೆಲವು ದಿನ ಪೂರ್ತಿ ಮೌನ, ಆಮೇಲೆ ಧ್ವನಿಯ ವ್ಯಾಯಾಮ. ಪಿಸುಮಾತೂ ಬೇಡ, ಅದೂ ಗಂಟಲಿಗೆ ಭಾರ ಎಂದರು. ಆಪರೇಷನ್ ಇಲ್ಲದೆ ವಾಸಿ ಮಾಡಿದ ಅವರಿಗೆ ಮೊದಲ ನಮಸ್ಕಾರ.

ಪಾಟಿ, ಬಳಪ ಹಿಡಿದು ಕ್ಲಾಸಿಗೆ ಹೋದೆ. ಮೂರನೇ ಕ್ಲಾಸಿನವರಿಗೆ ಪಾಟಿಯೇ ಬೇಕಾಗಲಿಲ್ಲ. ನಾನು ಕಪ್ಪೆಯಂತೆ ಕುಕ್ಕರಗಾಲಲ್ಲಿ ಕೂತರೆ ಮೂವತ್ತು ಕಪ್ಪೆಗಳು ಕೂತವು. ಅಷ್ಟು ಸಣ್ಣ ಮಕ್ಕಳಿಗೆ ಮಾತು ಬಾಯಿಪಾಠ ಮಾಡಿಸಬಾರದು, ಆಟ ಆಡಿಸಬೇಕು ಎಂದು ಗೊತ್ತಿತ್ತು. ಆದರೂ ನಾನೇ ಎಷ್ಟು ಮಾತಾಡುತ್ತಿದ್ದೆ!

ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದಾನೆ. ಧ್ವನಿ ಒಡೆಯುವ ವಯಸ್ಸು. ಒಂದು ಮಾತು ದಪ್ಪಗೆ ಬಂದರೆ ಇನ್ನೊಂದು ಕೀರಲು. ಜೂನ್‌ನಿಂದ ಬಾಯಿ ಬಿಟ್ಟಿರಲಿಲ್ಲ. ಪಾರ್ಟು ಕೊಟ್ಟರೆ, ಪರದೆ ಎಳೀತೀನ್ರಿ ಅಕ್ಕಾರ ಅಂದಿದ್ದ. ಅವತ್ತು ಪಾಟಿಯ ಮೇಲೆ ಬರೆದದ್ದು ಹಿಂದಿನ ಸಾಲಿಗೆ ಕಾಣಲಿಲ್ಲ. ಅವನೇ ಎದ್ದು ಬಂದ. ಪಾಟಿ ಇಸಿದುಕೊಂಡು ಗಟ್ಟಿಯಾಗಿ ಓದಿದ. ನಡುವೆ ಧ್ವನಿ ಕೀರಲಾಯಿತು. ಯಾರೋ ನಕ್ಕರು. ಅವನು ನನ್ನ ಮುಖ ನೋಡಿ, ಮುಂದಿನ ಸಾಲು ಓದಿದ. ಅಂದಿನಿಂದ ತಾಲೀಮು ಮುಗಿಯುವವರೆಗೆ ಅವನೇ ನನ್ನ ಧ್ವನಿ. ನಾಟಕದಲ್ಲಿ ಕೆರೆ ಕಾಯುವ ಮುದುಕನ ಪಾರ್ಟನ್ನೂ ಕೇಳಿ ತೆಗೆದುಕೊಂಡ. ಮಗನೇ, ನಿನ್ನ ಋಣ ದೊಡ್ಡದು.

ಹತ್ತನೇ ಕ್ಲಾಸಿನ ಹುಡುಗಿಯರು ಲೈಟು ನೋಡಿಕೊಂಡರು. ಹ್ಯಾಲೊಜನ್ ಬಿಸಿಗೆ ಬಣ್ಣದ ಹಾಳೆ ಮುದುಡಿ ಕರಗುತ್ತಿತ್ತು. ಬಿದಿರಿನ ಚೌಕಟ್ಟು ಕಟ್ಟಿ, ಹಾಳೆಯನ್ನು ಲೈಟಿನಿಂದ ದೂರ ಹಿಡಿದರು. ನನ್ನನ್ನು ಕೇಳಲೂ ಇಲ್ಲ. ಗೋಣಿಚೀಲ ಹೊಲಿದು ಒಣಗಿದ ಕೆರೆಯ ತಳ ಮಾಡಿಕೊಟ್ಟ ತಾಯಂದಿರೇ, ನಿಮ್ಮ ಬೆರಳುಗಳಿಗೆ ಚುಚ್ಚಿದ ದಬ್ಬಣ ನನಗೆ ನೆನಪಿದೆ. ಪರೀಕ್ಷೆಯ ಹೊತ್ತಲ್ಲೂ ಒಂದು ಪಿರಿಯಡ್ ಕಡಿಮೆ ಮಾಡದ ಹೆಡ್ ಮಾಸ್ತರರಿಗೂ ಶರಣು.

ಕಂಪನಿ ನಾಟಕಗಳಲ್ಲಿ ಪಾರ್ಟು ಮಾಡಿದ್ದ ಅಜ್ಜಾರು ಮಕ್ಕಳಿಗೆ ಬಣ್ಣ ಹಚ್ಚಲು ಬಂದಿದ್ದರು. ನನ್ನ ಹೊಟ್ಟೆಯ ಕಡೆ ಬೆರಳು ತೋರಿಸಿ, “ಧ್ವನಿ ಇಲ್ಲಿಂದ ಬರಬೇಕವ್ವಾ, ಗಂಟಲಾ ಬರೇ ಬಾಗಲಾ” ಅಂದರು. ಥೆರಪಿಯಲ್ಲಿ ಕಲಿಸಿದ್ದೂ ಇದೇ ಉಸಿರು. ಈಗ ದಿನಾ ಬೆಳಿಗ್ಗೆ ಮಕ್ಕಳೂ ನಾನೂ ಹೊಟ್ಟೆಯ ಮೇಲೆ ಕೈಯಿಟ್ಟು ಅದನ್ನೇ ಮಾಡುತ್ತೇವೆ.

ನಿನ್ನೆ ಹಾಜರಿ ಮುಗಿದ ಮೇಲೆ ಆ ಹುಡುಗ ಪಾಟಿ ಒರೆಸಿ ತಂದ. “ಇದು ಇನ್ನ ಬ್ಯಾಡೇನ್ರಿ ಅಕ್ಕಾರ?” ಅಂದ. ಅವನ ಧ್ವನಿ ಈಗ ಪೂರ್ತಿ ದಪ್ಪಗಾಗಿದೆ. ಅವನೇ ಇಟ್ಟುಕೊಳ್ಳಲಿ ಅಂತ ಪಾಟಿ ಅವನಿಗೇ ಕೊಟ್ಟೆ.