ಫಾರಂ ಎಷ್ಟು ಪುಟದ್ದು ಅಂತ ಯಾರೂ ಕೇಳಲಿಲ್ಲ

ಮಾನ್ಯ ಸಂಪಾದಕರೇ,

ಅನುದಾನ ಕೊಡುವ ಫೌಂಡೇಶನ್‌ಗಳು ಹೊಸ ದಾರಿ ಹಿಡಿಯುತ್ತಿವೆ ಎಂಬ ಲೇಖನವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಹೊಸ ಸಿಇಒ, ಹೊಸ ಧ್ಯೇಯವಾಕ್ಯ, ಐದು ವರ್ಷದ ಯೋಜನೆ, ಎಲ್ಲವೂ ಅದರಲ್ಲಿತ್ತು. ಅರ್ಜಿ ಫಾರಂ ಈಗ ಎಷ್ಟು ಪುಟದ್ದು ಎಂಬುದು ಮಾತ್ರ ಇರಲಿಲ್ಲ. ನಾನು ಮೊದಲು ಹುಡುಕಿದ್ದೇ ಅದನ್ನು.

ಒಂಬತ್ತು ವರ್ಷ ನಾನು ಇಂಥದ್ದೇ ಒಂದು ಫೌಂಡೇಶನ್ನಿನ ಅನುದಾನ ವಿಭಾಗದಲ್ಲಿದ್ದೆ. ಈಗ ಒಂದು ಸಣ್ಣ ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅಂದರೆ, ಫಾರಂ ಕಳಿಸುತ್ತಿದ್ದವಳು ಈಗ ತುಂಬುತ್ತಾ ಕೂತಿದ್ದೇನೆ. ನಾವು ಅಲ್ಲಿ ಎಂಥೆಂಥ ಪ್ರಶ್ನೆ ಕೇಳುತ್ತಿದ್ದೆವು ಅನ್ನೋದು ಈಗ ಗೊತ್ತಾಗುತ್ತಿದೆ.

ನಾನಿದ್ದಾಗ ಅಲ್ಲೂ ಒಮ್ಮೆ ದೊಡ್ಡ ಬದಲಾವಣೆ ನಡೆಯಿತು. ಕನ್ಸಲ್ಟೆಂಟ್‌ಗಳು ಬಂದರು. ಎರಡು ದಿನ ಎಲ್ಲರನ್ನೂ ಕೂರಿಸಿ ಗೋಡೆ ತುಂಬಾ ಹಳದಿ ಚೀಟಿ ಅಂಟಿಸಿದರು. ಅದರಲ್ಲಿ ಎಂಟು ಚೀಟಿಗಳ ಮೇಲೆ 'ನಂಬಿಕೆ' ಎಂದೇ ಇತ್ತು, ನಾನೇ ಎಣಿಸಿದ್ದೆ. ಆರು ತಿಂಗಳಾದ ಮೇಲೆ ನೋಡಿದರೆ, 14 ಪುಟದ ಫಾರಂ 17 ಪುಟವಾಗಿತ್ತು. ಹೊಸ ಯೋಜನೆಗೆ ಮೂರು ಪುಟ ಸೇರಿತ್ತು, ಹಳೆಯದರಲ್ಲಿ ಒಂದೂ ಹೋಗಿರಲಿಲ್ಲ. ಆ ಹಳೆಯ ಪುಟಗಳಲ್ಲಿ ಒಂದು ಫೈನಾನ್ಸ್‌ನವರದ್ದು, ಇನ್ನೊಂದು ವಕೀಲರದ್ದು, ಮತ್ತೊಂದು ಎಂದೋ ನಿವೃತ್ತರಾದ ಟ್ರಸ್ಟಿಯೊಬ್ಬರ ಆಸೆ. ಫ್ಯಾಕ್ಸ್ ನಂಬರ್ ಕೇಳುವ ಕಾಲಂ ಕೂಡ ಹಾಗೇ ಇತ್ತು!

ಯಾಕೆ ಹೀಗೆ? ಫೌಂಡೇಶನ್‌ಗೆ ಹೊರಗಿನಿಂದ ಪೆಟ್ಟು ಬೀಳುವುದಿಲ್ಲ. ಕಂಪನಿ ಕೆಟ್ಟರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ. ಸರ್ಕಾರ ಕೆಟ್ಟರೆ ಚುನಾವಣೆ ಇದೆ. ಅಮೆರಿಕದಲ್ಲಿ ಖಾಸಗಿ ಫೌಂಡೇಶನ್‌ಗಳು ವರ್ಷಕ್ಕೆ ಆಸ್ತಿಯ ಸುಮಾರು 5% ಹಂಚಲೇಬೇಕು ಎಂಬ ಕಾನೂನಿದೆ. ಆದರೆ ಚೆನ್ನಾಗಿ ಹಂಚಬೇಕು ಅಂತ ಯಾವ ಕಾನೂನು ಹೇಳೀತು? ಹಣ ಪಡೆಯುವವರಂತೂ ಬಾಯಿ ಬಿಡುವುದಿಲ್ಲ. ನಾನು ಆ ಕೆಲಸದಲ್ಲಿದ್ದಷ್ಟು ದಿನ ನಮ್ಮ ಫಾರಂ ಬಗ್ಗೆ ಒಂದೇ ಒಂದು ದೂರು ಬಂದಿರಲಿಲ್ಲ. ಚೆನ್ನಾಗಿದೆ ಅಂತಲೇ ತಿಳಿದಿದ್ದೆವು.

ಹಾಗಂತ ಬದಲಾವಣೆ ಆಗಲ್ಲ ಅಂತ ಅಲ್ಲ. ಡ್ಯಾರನ್ ವಾಕರ್ ಮುಖ್ಯಸ್ಥರಾಗಿದ್ದಾಗ ಅಮೆರಿಕದ ಫೋರ್ಡ್ ಫೌಂಡೇಶನ್ ಪ್ರಾಜೆಕ್ಟ್ ಅನುದಾನದಲ್ಲಿ ಆಡಳಿತ ವೆಚ್ಚಕ್ಕೆ ಕೊಡುವ ಪಾಲನ್ನು 10%ನಿಂದ 20%ಗೆ ಏರಿಸಿತು. ಬಿಲ್ಡ್ ಎಂಬ ಕಾರ್ಯಕ್ರಮ ಮಾಡಿ, 100 ಕೋಟಿ ಡಾಲರ್ ತೆಗೆದಿರಿಸಿ, ಸಂಸ್ಥೆಗಳಿಗೆ ಐದು ವರ್ಷದ ಸಡಿಲ ಅನುದಾನ ಕೊಟ್ಟಿತು. ಬಾಡಿಗೆ, ಸಂಬಳ, ಸಾಫ್ಟ್‌ವೇರ್, ಯಾವುದಕ್ಕೆ ಬೇಕೋ ಅದಕ್ಕೆ ಬಳಸಬಹುದಾದ ಹಣ. ಲೆಕ್ಕ ಬರೆಯುವವಳಾಗಿ ಹೇಳುತ್ತೇನೆ, ಆ 10% ವ್ಯತ್ಯಾಸ ಯಾವ ಧ್ಯೇಯವಾಕ್ಯಕ್ಕಿಂತಲೂ ದೊಡ್ಡದು. ಆಡಳಿತ ವೆಚ್ಚ ಅಂದರೆ ಸುಮ್ನೆ ದುಂದು ಅನ್ನುವವರಿದ್ದಾರೆ. ನನ್ನ ಸಂಬಳವೂ ಅದರಲ್ಲೇ ಬರುತ್ತದೆ, ಆಡಿಟರ್ ಫೀಸೂ ಅದರಲ್ಲೇ.

ಇನ್ನು 2020. ಕೋವಿಡ್ ಬಂದಾಗ ಸುಮಾರು 800 ಫೌಂಡೇಶನ್‌ಗಳು ಒಂದು ಪ್ರತಿಜ್ಞೆಗೆ ಸಹಿ ಹಾಕಿದವು. ಷರತ್ತು ಸಡಿಲಿಸುತ್ತೇವೆ, ವರದಿ ಕಡಿಮೆ ಕೇಳುತ್ತೇವೆ ಎಂದವು. ನಮಗೆ ಹಣ ಕೊಡುವವರೂ ಒಂದು ಫೋನ್ ಮಾಡಿ, "ಈ ಸಲ ರಿಪೋರ್ಟ್ ಬೇಡ, ಕೆಲಸ ನೋಡಿಕೊಳ್ಳಿ" ಎಂದರು. ಎರಡು ವರ್ಷ ಚರ್ಚೆಯಾಗಬೇಕು ಅನ್ನುತ್ತಿದ್ದದ್ದು ಎರಡು ವಾರದಲ್ಲಿ ಆಯಿತು. ಯಾರ ಹಣವೂ ಮುಳುಗಲಿಲ್ಲ. ಆಮೇಲೆ ಫಾರಂ ವಾಪಸ್ ಬಂತು. 'ಸಂಕಷ್ಟ ಎದುರಿಸುವ ಸಾಮರ್ಥ್ಯ' ಎಂಬ ಹೊಸ ಪುಟ ಬೇರೆ.

ವಾಪಸ್ ಬಂದದ್ದು ಯಾಕೆ ಅನ್ನೋದು ಒಳಗಿದ್ದವರಿಗೆ ಗೊತ್ತು. ಬದಲಾವಣೆಯ ಭಾಷಣ ಮೇಲಿನವರದ್ದು. ಫೈಲ್ ಇರುವುದು ಅನುದಾನದ ಅರ್ಜಿ ನೋಡುವ ಪ್ರೋಗ್ರಾಂ ಆಫೀಸರ್ ಮೇಜಿನ ಮೇಲೆ. ಆಡಿಟ್‌ನಲ್ಲಿ ಒಂದೂ ಆಕ್ಷೇಪ ಬರದ ಫೈಲ್ ಇಟ್ಟವರಿಗೆ ನಮ್ಮಲ್ಲಿ ಶಹಬ್ಬಾಸ್ ಸಿಗುತ್ತಿತ್ತು. ಒಂದು ಪುಟ ಕಿತ್ತು ಹಾಕಿದವರಿಗೆ ಏನೂ ಸಿಗುತ್ತಿರಲಿಲ್ಲ. ನಾಳೆ ಏನಾದರೂ ಎಡವಟ್ಟಾದರೆ ಕೇಳುವುದು ಇವರನ್ನೇ ಅಲ್ವಾ? ಹಾಗಾಗಿ ಅವರೂ ಒಂದು ಸಾಲು ಜಾಸ್ತಿ ಕೇಳಿ ಇಟ್ಟುಕೊಳ್ಳುತ್ತಾರೆ. ನಾನೂ ಅದನ್ನೇ ಮಾಡಿದ್ದೇನೆ. ಮುಖ್ಯಸ್ಥರಾದವರು ಈ ಭಯವನ್ನು ತಾವು ಹೊರಬೇಕು. ತಪ್ಪಾದರೆ ನನ್ನ ಹೆಸರು ಹೇಳಿ ಎಂದು ಟ್ರಸ್ಟಿಗಳ ಮುಂದೆಯೇ ಹೇಳಬೇಕು. ಬಡ್ತಿಯ ಲೆಕ್ಕ ಬದಲಾಯಿಸಬೇಕು. ಒಂದು ಭಾನುವಾರ ಕೂತು ತಮ್ಮದೇ ಫಾರಂ ತಾವೇ ತುಂಬಿ ನೋಡಬೇಕು, ಅಸಿಸ್ಟೆಂಟ್ ಸಹಾಯ ಇಲ್ಲದೆ.

ಗಡುವು ಇಟ್ಟುಕೊಂಡು ಬದಲಾದವರೂ ಇದ್ದಾರೆ. ಅಮೆರಿಕದ ಉದ್ಯಮಿ ಚಕ್ ಫೀನಿ ಅವರ ಅಟ್ಲಾಂಟಿಕ್ ಫಿಲಾಂತ್ರಪೀಸ್ ಎಂಬ ಫೌಂಡೇಶನ್ ಸುಮಾರು 800 ಕೋಟಿ ಡಾಲರ್ ಹಂಚಿ, ತಾನೇ ಮೊದಲು ಘೋಷಿಸಿದ್ದಂತೆ 2020ರಲ್ಲಿ ಬಾಗಿಲು ಹಾಕಿತು. ಎಲ್ಲರೂ ಮುಚ್ಚಿಕೊಂಡು ಹೋಗಲಿ ಅಂತ ನಾನು ಹೇಳುತ್ತಿಲ್ಲ. ಹಾಗಾದರೆ ನಮ್ಮ ಗತಿ ಏನು!

ಮುಂದಿನ ಸಲ ನಿಮ್ಮ ವರದಿಗಾರರು ಹೋದಾಗ ಎರಡೇ ಪ್ರಶ್ನೆ ಕೇಳಲಿ. ಅರ್ಜಿ ಹಾಕಿದ ದಿನದಿಂದ ಮೊದಲ ಕಂತು ಕೈಗೆ ಬರಲು ಎಷ್ಟು ತಿಂಗಳು? ಬಜೆಟ್‌ನ ಒಂದು ಬಾಬತ್ತಿನಿಂದ ಇನ್ನೊಂದಕ್ಕೆ ಹಣ ಸರಿಸಲು ಯಾರ ಸಹಿ ಬೇಕು? ಪ್ರಯಾಣದ ಖಾತೆಯಲ್ಲಿ ಉಳಿದದ್ದನ್ನು ಸಂಬಳಕ್ಕೆ ಹಾಕಿಕೊಳ್ಳಬಹುದೇ ಎಂದು ನಾನು ಮೇಲ್ ಕಳಿಸಿ ಇದು ಏಳನೇ ವಾರ. 'ನಿಮ್ಮ ಮನವಿ ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂದಿದೆ, ಕೆಳಗೆ ಹೊಸ ಧ್ಯೇಯವಾಕ್ಯದ ಸಮೇತ.

ಇತಿ,
ಫಾರಂನ ಎರಡೂ ಬದಿ ನೋಡಿದ ಓದುಗಿ